ಎರಡು ಕ್ಯಾಮೆರಾ, ಒಂದು ಕಲ್ಲು

ಅಲ್ಲ, ದೊಡ್ಡ ಕ್ಯಾಮೆರಾ ಆಗ ನನ್ನ ಕೊರಳಲ್ಲಿ ಇರಲಿಲ್ಲವೇನೋ, ಕಿಟಕಿಯ ಸರಳಿಗೆ ತೂಗುಹಾಕಿದ್ದೆ ಅನ್ನಿಸುತ್ತದೆ. ಹಾಗಿದ್ದರೆ ಸಣ್ಣದನ್ನು ಎತ್ತಿಕೊಂಡದ್ದರಲ್ಲಿ ನನ್ನ ಆಯ್ಕೆ ಏನೂ ಇಲ್ಲ, ಕೈಗೆ ಸಿಕ್ಕಿದ್ದು ಅದು, ಅಷ್ಟೆ. ಈ ಸಂಗತಿಯನ್ನು ಹೊಸಪೇಟೆಯಲ್ಲಿ ನಾಲ್ಕೈದು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಎರಡೂ ಕ್ಯಾಮೆರಾ ಕೊರಳಲ್ಲಿದ್ದವು, ಸೈರನ್ ಕೂಗಿತು, ಒಂದು ಗಳಿಗೆ ಯೋಚಿಸಿ ಒಂದನ್ನು ಎತ್ತಿದೆ ಎಂದೇ ಹೇಳಿದ್ದೇನೆ. ಹಾಗೆ ಹೇಳಿದಾಗ ಕೇಳುವವರು ಚಹಾ ಕೆಳಗಿಟ್ಟು ಮುಂದಕ್ಕೆ ಬಾಗುತ್ತಾರೆ. ಅವರು ಬಾಗುತ್ತಾರೆ ಎಂಬ ಕಾರಣಕ್ಕೇ ಆ ನೆನಪಿನ ಮೇಲೆ ನನಗೆ ಈಗ ಅನುಮಾನ.

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಪಾಸ್‌ಪೋರ್ಟ್ ಫೋಟೊ, ಲಗ್ನ, ತೊಟ್ಟಿಲು, ಜವಳ, ಈಚೆಗೆ ಹಂಪಿಯಲ್ಲಿ ಮದುವೆಗೆ ಮುಂಚಿನ ಜೋಡಿಗಳ ಶೂಟಿಂಗು. ಹಳೆಯ ಕ್ಯಾಮೆರಾದ ಶಟರ್ ಕೈಕೊಟ್ಟಿತ್ತು. ಹೊಸದು ಬೇಕಿತ್ತು, ಒಂದೇ ಒಂದು. ಕ್ಯಾಮೆರಾ ಅಂಗಡಿಯವರು ಶುಕ್ರವಾರ ಸಂಜೆ ಎರಡನ್ನು ಮೇಜಿನ ಮೇಲೆ ಇಟ್ಟರು. ಒಂದು ಡಿಎಸ್‌ಎಲ್‌ಆರ್, ಆ ಜಾತಿಯಲ್ಲಿ ಮೇಲಿನ ದರ್ಜೆಯದು. ಇಂಥವನ್ನು ಮಾಡುವುದನ್ನೇ ಕಂಪನಿಗಳು ನಿಲ್ಲಿಸುತ್ತಿವೆ, ಆದರೆ ಇದು ಇನ್ನು ಹತ್ತು ವರ್ಷ ದುಡಿಯುತ್ತದೆ ಎಂದು ಅವರ ಮಾತು. ಕೈಯಲ್ಲಿ ಹಿಡಿದರೆ ಹಿಟ್ಟಿನ ಚೀಲದ ಹಾಗೆ ತೂಕ. ಮಬ್ಬು ಬೆಳಕಿನಲ್ಲೂ ಮುಖದ ಮೇಲಿನ ಅರಿಶಿನ ಅರಿಶಿನವಾಗಿಯೇ ಬರುತ್ತದೆ. ಆದರೆ ಜೊತೆಗಿದ್ದ ಲೆನ್ಸಿಗೆ ದೂರದ್ದು ಎಟುಕದು. ದೂರದ ಲೆನ್ಸು ನನ್ನ ಕೈಗೆ ಎಟುಕದು. ಇನ್ನೊಂದು ಸೂಪರ್‌ಜೂಮ್. ಅಂಗೈಯಗಲ. ಮೇಲಿನ ಸಣ್ಣ ಗುಂಡಿಯನ್ನು ಒತ್ತಿದರೆ ಲೆನ್ಸು ಗುಯ್ ಎಂದು ಮೂರು ಹಂತವಾಗಿ ಹೊರಗೆ ಬಂದು, ಹೊಳೆಯಾಚೆಯ ಬಾಳೆಯ ಗೊನೆಯನ್ನು ಎಣಿಸುವಷ್ಟು ಹತ್ತಿರಕ್ಕೆ ಎಳೆಯುತ್ತದೆ. ಬೆಳಕು ಸ್ವಲ್ಪ ಕಡಿಮೆಯಾದರೂ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗಾಗುತ್ತದೆ. ಒತ್ತಿದ್ದಕ್ಕೂ ತೆಗೆದದ್ದಕ್ಕೂ ನಡುವೆ ಒಂದು ಉಸಿರಿನಷ್ಟು ತಡ.

"ಸೋಮವಾರ ಸಂಜಿತನ ಎರಡೂ ಒಯ್ದು ನೋಡ್ರಿ," ಅಂದರು ಅಂಗಡಿಯವರು. "ಒಂದು ನಿಮಗ, ಒಂದು ನನಗ ವಾಪಸ್. ಎರಡೂ ಬ್ಯಾಡ ಅಂತ ಬಂದ್ರ ಚಾ ಕುಡಸಂಗಿಲ್ಲ."

ಶುಕ್ರವಾರವೇ ಅಂಗಡಿಗೆ ಹೋದದ್ದಕ್ಕೆ ಕಾರಣ ಅಕ್ಕ. ಸಂಡೂರಿನ ಗುಡ್ಡದ ಬುಡದ ಒಂದು ಊರಿನಲ್ಲಿ ಅವಳು ಅಂಗನವಾಡಿ ಟೀಚರು. ಊರ ಅಂಚಿನ ಒಂದು ಕೋಣೆ, ತಗಡಿನ ಮಾಡು, ಮುಂದೆ ಅಂಗಳ. ಗುಡ್ಡದಲ್ಲಿ ಗಣಿ. ಮಧ್ಯಾಹ್ನ ಮಕ್ಕಳು ಊಟಕ್ಕೆ ಕುಳಿತ ಹೊತ್ತಿಗೇ ಅಲ್ಲಿ ಬ್ಲಾಸ್ಟಿಂಗ್. ಎರಡು ಸಲ ಅಂಗಳಕ್ಕೆ ಕಲ್ಲು ಬಂದು ಬಿತ್ತು ಎಂದು ಅವಳು ಅರ್ಜಿ ಕೊಟ್ಟಿದ್ದಳು. ಊರಿನಲ್ಲಿ ಬೇರೆ ಯಾರೂ ಸಹಿ ಹಾಕಲಿಲ್ಲ. ಮನೆಗೊಬ್ಬರಂತೆ ಗಣಿಯಲ್ಲಿ ದುಡಿಯುತ್ತಾರೆ, ಸ್ವತಃ ನನ್ನ ಭಾವ ಅದೇ ಗಣಿಯ ಟಿಪ್ಪರ್ ಓಡಿಸುತ್ತಾನೆ. ಗಣಿಯವರು ಅಷ್ಟು ದೂರ ಕಲ್ಲು ಹಾರುವುದು ಸಾಧ್ಯವೇ ಇಲ್ಲ ಎಂದು ಬರೆದುಕೊಟ್ಟರು. ಮೇಲ್ವಿಚಾರಕಿ ಅಕ್ಕನನ್ನು ಕರೆದು, ಸೋಮವಾರ ಸಾಹೇಬರು ನೋಡಲು ಬರುತ್ತಾರೆ, ರುಜುವಾತು ಇಲ್ಲದಿದ್ದರೆ ಸುಳ್ಳು ಅರ್ಜಿ ಕೊಟ್ಟದ್ದಕ್ಕೆ ನಿನ್ನಿಂದಲೇ ವಿವರಣೆ ಕೇಳಬೇಕಾಗುತ್ತದೆ, ಕೆಲಸದ ಮೇಲೆ ಬಂದರೆ ನಾನು ನಡುವೆ ಬರಲಾರೆ ಅಂದರಂತೆ. ಅಕ್ಕ ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸಿದ್ದಳು. ಕಂದು ಬಣ್ಣದ ಒಂದು ಕಲೆ, ಮೇಲೆ ಆಕಾಶ. ಒಳ್ಳೆಯ ಕ್ಯಾಮೆರಾ ತೆಗೆದುಕೊಂಡು ಬಾ, ಆದರೆ ಸಾಹೇಬರ ಮುಂದೆ ಅಕ್ಕ ಅನ್ನಬೇಡ, ಟೀಚರ್ ಅನ್ನು, ಇಷ್ಟು ಹೇಳಿ ಫೋನ್ ಇಟ್ಟಳು.

ಹೀಗೆ ಒಂದು ಕ್ಯಾಮೆರಾದ ಮೇಲೆ ಎರಡು ಕೆಲಸ ಬಿದ್ದಿದ್ದವು. ನನ್ನ ಹೊಟ್ಟೆಪಾಡಿಗೆ ಹತ್ತಿರದ್ದು ಚೆನ್ನಾಗಿ ಕಾಣಬೇಕು. ಅಕ್ಕನ ಮಾತಿಗೆ ದೂರದ್ದು ಕಾಣಬೇಕು.

ಶನಿವಾರ ಹಂಪಿಯಲ್ಲಿ ಒಂದು ಜೋಡಿ. ಹೇಮಕೂಟದ ಬಂಡೆಗಳ ಮೇಲೆ ಹುಡುಗಿ ಸೀರೆಯ ಸೆರಗು ಹಾರಿಸುತ್ತ ನಿಂತಿದ್ದಳು. ಡಿಎಸ್‌ಎಲ್‌ಆರ್ ಹಿಡಿದರೆ ಮುಖ ಹೊಳೆಯುತ್ತಿತ್ತು, ಹಿಂದಿನ ಕಂಬಗಳು ಬೆಣ್ಣೆಯ ಹಾಗೆ ಕರಗುತ್ತಿದ್ದವು. ಆಮೇಲೆ ತುಂಬ ಹಿಂದಕ್ಕೆ ನಡೆದುಹೋಗಿ ಸೂಪರ್‌ಜೂಮ್‌ನಲ್ಲಿ ಅದೇ ಹುಡುಗಿಯನ್ನು ಎಳೆದು ತೆಗೆದೆ. ಗೋಪುರ ಅವಳ ಬೆನ್ನಿಗೇ ಅಂಟಿಕೊಂಡು ನಿಂತಿತ್ತು. ಹುಡುಗ ಪರದೆ ನೋಡಿ, ಒಮ್ಮೆ ಹಿಂತಿರುಗಿ ಗೋಪುರ ನೋಡಿ, "ಅಣ್ಣಾ, ಇದು ಇಷ್ಟು ಹತ್ರ ಯಾವಾಗ ಬಂತು?" ಎಂದು ನಕ್ಕ. ಬಂದಿಲ್ಲ, ಜೂಮು ಹಾಗೆ ತೋರಿಸುತ್ತದೆ, ದೂರ ನಿಂತು ಎಳೆದರೆ ಹಿಂದಿನದೂ ಮುಂದಿನದೂ ಒಂದರ ಮೇಲೊಂದು ಬಂದು ಕೂರುತ್ತವೆ ಎಂದು ವಿವರಿಸಿದ್ದು ನಾನೇ. ಇದನ್ನು ಬರೆದಿಡಬೇಕು. ನನಗೆ ಶನಿವಾರವೇ ಗೊತ್ತಿತ್ತು.

ಭಾನುವಾರ ಕಂಪ್ಲಿ. ಅಕ್ಕಿ ಗಿರಣಿಯವರ ಮನೆಯಲ್ಲಿ ತೊಟ್ಟಿಲ ಕಾರ್ಯ. ಸೂಪರ್‌ಜೂಮ್ ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟೆ. ಗಿರಣಿಯ ಯಜಮಾನರು ಸೋಫಾದಿಂದ ಏಳದೆಯೇ ಅದನ್ನು ನೋಡಿದರು.

"ಏನ್ರಿ ಫೋಟೋದವರೇ, ನಮ್ಮ ಮಮ್ಮಗನ ತೊಟ್ಟಿಲಕ್ಕ ಸುಣ್ಣದ ಡಬ್ಬಿ ಹಿಡ್ಕೊಂಡು ಬಂದೀರಿ?"

ಹೆಂಗಸರು ಸೆರಗಿನಲ್ಲಿ ನಕ್ಕರು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿ ದೊಡ್ಡದನ್ನು ತೆಗೆದೆ. ಮನೆಯೇ ಬದಲಾಯಿತು. ಯಾರೂ ಹೇಳದೆ ಎಲ್ಲರೂ ಸಾಲಾಗಿ ನಿಂತರು. ದೊಡ್ಡ ಕ್ಯಾಮೆರಾ ಕೈಯಲ್ಲಿದ್ದರೆ ಜನ ಹೇಳಿದ ಹಾಗೆ ಕೇಳುತ್ತಾರೆ, ಅದನ್ನು ಹಿಡಿದವನೂ ಹೇಳುತ್ತ ಹೋಗುತ್ತಾನೆ. ತೊಟ್ಟಿಲನ್ನು ಕಿಟಕಿಯ ಕಡೆ ಎಳೆಸಿದೆ. ಹಣ್ಣಿನ ತಟ್ಟೆ ಎಡಕ್ಕೆ. ದೀಪದ ಸಮೆ ಒಂದು ಗೇಣು ಮುಂದಕ್ಕೆ. ಮುತ್ತಜ್ಜಿಯನ್ನೇ ಕುರ್ಚಿ ಸಮೇತ ಎತ್ತಿಸಿ ಬೆಳಕಿಗೆ ಇಟ್ಟೆ. ಇಪ್ಪತ್ತು ವರ್ಷದಿಂದ ಮಾಡುತ್ತ ಬಂದ ಕೆಲಸ ಇದು. ಇದನ್ನು ನಾನು ಯೋಚಿಸಿ ಮಾಡುವುದಿಲ್ಲ, ಕೈಯೇ ಮಾಡುತ್ತದೆ.

ಸೋಮವಾರ ಬೆಳಗಿನ ಬಸ್ಸಿಗೆ ಸಂಡೂರು. ಅಲ್ಲಿಂದ ಊರಿಗೆ ಟಂಟಂ ಆಟೊ. ರಸ್ತೆಯ ಎರಡೂ ಬದಿಯ ಬೇವು ಕೆಂಪಾಗಿದ್ದವು, ಟಿಪ್ಪರ್ ಹಾದುಹೋದಾಗಲೆಲ್ಲ ಡ್ರೈವರ್ ಗಾಡಿ ನಿಲ್ಲಿಸಿ ಧೂಳು ಇಳಿಯುವವರೆಗೆ ಕಾಯುತ್ತಿದ್ದ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಭಾವ ಎಲ್ಲಿ ಎಂದು ಕೇಳಿದೆ. ಡ್ಯೂಟಿಗೆ ಹೋದ, ಹೋಗುವಾಗ ಮಾತಾಡಲಿಲ್ಲ ಎಂದಳು. ನಿನ್ನೆಯಿಂದಲೇ ಮಾತಾಡಿಲ್ಲ ಎಂದು ಆಮೇಲೆ ಸೇರಿಸಿದಳು.

ಮೊದಲು ಅಂಗಳದಲ್ಲಿ ನಿಂತು ದೊಡ್ಡ ಕ್ಯಾಮೆರಾದಲ್ಲಿ ಗುಡ್ಡ ತೆಗೆದೆ. ಚಿತ್ರ ಚೊಕ್ಕವಾಗಿತ್ತು. ಗುಡ್ಡ ಅದರಲ್ಲಿ ನಿರುಪದ್ರವಿಯಾಗಿತ್ತು, ಎಲ್ಲೋ ಹಿಂದೆ, ಕ್ಯಾಲೆಂಡರಿನ ಗುಡ್ಡದ ಹಾಗೆ. ಇದನ್ನು ನೋಡಿದರೆ ಯಾರೂ ಅಕ್ಕನನ್ನು ನಂಬುವುದಿಲ್ಲ ಅನ್ನಿಸಿತು. ಆಗ ಸೂಪರ್‌ಜೂಮ್ ಹಿಡಿದು ಊರಾಚೆಯ ಕೆರೆ ಏರಿಯ ಮೇಲೆ ಹೋದೆ. ಅಲ್ಲಿಂದ ಎಳೆದರೆ ಅಂಗನವಾಡಿಯ ತಗಡಿನ ಹಿಂದೆಯೇ ಗಣಿಯ ಕೆಂಪು ಗೋಡೆ ಎದ್ದು ನಿಂತಿತ್ತು, ಇನ್ನೇನು ಮಗುಚಿ ಬೀಳುವ ಹಾಗೆ. ನೋಡಿ ನನಗೇ ಎದೆ ಝಲ್ ಎಂದಿತು. ಅಂದರೆ, ಝಲ್ ಎಂದಿತು ಎಂದು ಈಗ ಬರೆಯುತ್ತಿದ್ದೇನೆ, ಆಗ ಖುಷಿಯಾಗಿತ್ತು. ಚಿತ್ರ ಸಿಕ್ಕಿತು ಎಂಬ ಖುಷಿ. ಲೆನ್ಸು ಒಳಗೆ ಹೋಗುವಾಗ ಹಲ್ಲಿನಲ್ಲಿ ಮರಳು ಸಿಕ್ಕ ಸದ್ದು ಬಂತು. ಏರಿಯ ಮೇಲೆ ಗಾಳಿ ಇತ್ತು. ಲೆನ್ಸು ಪ್ರತಿಸಲ ಹೊರಗೆ ಬಂದಾಗ ಗಾಳಿ ಒಳಗೆಳೆದುಕೊಳ್ಳುತ್ತದೆ, ಗಾಳಿಯ ಜೊತೆಗೆ ಅದಿರಿನ ಪುಡಿ. ಇದು ನನಗೆ ಹೊಳೆಯಲಿಲ್ಲ.

ಹನ್ನೆರಡೂವರೆಗೆ ಮಕ್ಕಳು ತಟ್ಟೆ ಹಿಡಿದು ಅಂಗಳದಲ್ಲಿ ಕುಳಿತರು. ಆಯಾ, ಅರವತ್ತರ ಹತ್ತಿರದವರು, ಅಡುಗೆ ಬಡಿಸುವುದೂ ಗುಡಿಸುವುದೂ ಅವರೇ, ಅನ್ನ ಸಾರು ಹಾಕುತ್ತ ಬಂದರು. ಮೊದಲ ಸೈರನ್ ಕೂಗಿತು, ಮೂರನೆಯದು ಕೂಗಿದ ಮೇಲೆ ಸ್ಫೋಟ. ಮಕ್ಕಳಿಗೆ ರೂಢಿ, ತಟ್ಟೆ ಎತ್ತಿಕೊಂಡು ತಾವೇ ಎದ್ದರು. ಅಕ್ಕ ಅವರನ್ನೆಲ್ಲ ಒಳಗೆ ಕಳಿಸಿ, ಮಾಡಿನ ಕೆಳಗೆ ನಡುವೆ ಬೇಡ, ಗೋಡೆಗೆ ಬೆನ್ನು ಹಚ್ಚಿ ಕೂರಿ ಎಂದು ಒಬ್ಬೊಬ್ಬರನ್ನೇ ಸರಿಸಿ ಕೂರಿಸಿದಳು. ಎಣಿಸಿದಳು. ಮತ್ತೆ ಎಣಿಸಿದಳು. ಯಾರೂ ಅಳಲಿಲ್ಲ. ಅನ್ನ ಕಲಸುವ ಸದ್ದು ಮಾತ್ರ. ನಾನು ಬಾಗಿಲಲ್ಲಿ ನಿಂತಿದ್ದೆ.

ಇಲ್ಲಿ ನನ್ನ ನೆನಪು ಕವಲೊಡೆಯುತ್ತದೆ. ಒಂದರಲ್ಲಿ ಎರಡೂ ಕ್ಯಾಮೆರಾ ಕೊರಳಲ್ಲಿವೆ, ನಾನು ತೂಗಿ ನೋಡುತ್ತಿದ್ದೇನೆ. ದೊಡ್ಡದು ಹಿಡಿದರೆ ಅಂಗಳ, ಗುಡ್ಡ, ನಡುವಿನ ಹೊಲ ಮೂರೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ, ಕಲ್ಲು ಬಿದ್ದರೆ ಬಿದ್ದದ್ದು ಬರುತ್ತದೆ; ಸಣ್ಣದು ಹಿಡಿದರೆ ಕಲ್ಲು ಗುಡ್ಡದಿಂದ ಏಳುವುದು ಬರುತ್ತದೆ. ಇನ್ನೊಂದು ನೆನಪಿನಲ್ಲಿ ಇದೇನೂ ಇಲ್ಲ. ಮೂರನೆಯ ಸೈರನ್, ಕೈಯಲ್ಲಿ ಆಗಲೇ ಸೂಪರ್‌ಜೂಮ್.

ನೆಲ ಮೊದಲು ನಡುಗಿತು, ಸದ್ದು ಆಮೇಲೆ ಬಂತು. ಪರದೆಯ ಮೇಲೆ ಕೆಂಪು ಗೋಡೆ ಉಬ್ಬಿತು. ಒತ್ತಿದೆ. ಪರದೆ ಕಪ್ಪಾಯಿತು, ಬಂತು, ಮತ್ತೆ ಮತ್ತೆ ಒತ್ತಿದೆ. ಎಡಕ್ಕೆ ಎಲ್ಲೋ ಧಪ್ ಎಂದಿತು. ಕಲ್ಲು ಬಂದು ಬೀಳುವುದನ್ನು ನಾನು ಕಣ್ಣಾರೆ ಕಂಡೆ ಎಂದು ಬಹಳ ದಿನ ನಂಬಿದ್ದೆ, ಕಪ್ಪಗೆ, ತಿರುಗುತ್ತ. ಕಂಡಿರುವುದು ಸಾಧ್ಯವಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು, ಪರದೆ ಗುಡ್ಡದ ಮೇಲಿತ್ತು. ಅಂಗಳವನ್ನು ನೋಡುತ್ತಿದ್ದವರು ಯಾರೂ ಇರಲಿಲ್ಲ.

ಅಕ್ಕ ಹೊರಗೆ ಬಂದಳು. ನೀರಿನ ಟ್ಯಾಂಕಿನ ಪಕ್ಕ, ಒಡೆದ ಇಟ್ಟಿಗೆಗಳ ನಡುವೆ, ಮುಷ್ಟಿಗಿಂತ ದೊಡ್ಡದೊಂದು ಕಲ್ಲು. ಒಂದು ಮೂಲೆ ಹೊಸದಾಗಿ ಮುರಿದ ಹಾಗೆ ಹೊಳೆಯುತ್ತಿತ್ತು. ಮಕ್ಕಳ ಚಪ್ಪಲಿಗಳ ಸಾಲು ಅಲ್ಲಿಂದ ನಾಲ್ಕು ಹೆಜ್ಜೆ. ಅಕ್ಕ ಅದನ್ನು ನೋಡಿ ನನ್ನ ಕಡೆ ತಿರುಗಿದಳು. ತೆಗಿ ಎಂದು ಕಣ್ಣಲ್ಲೇ ಹೇಳಿ, ಮಕ್ಕಳನ್ನು ಇನ್ನೊಮ್ಮೆ ಎಣಿಸಲು ಒಳಗೆ ಹೋದಳು.

ದೊಡ್ಡ ಕ್ಯಾಮೆರಾ ತೆಗೆದುಕೊಂಡೆ. ಟ್ಯಾಂಕಿನ ನೆರಳು ಕಲ್ಲಿನ ಅರ್ಧಕ್ಕೆ ಬಿದ್ದಿತ್ತು. ಇಟ್ಟಿಗೆಯ ಚೂರು ಅಡ್ಡ ಬರುತ್ತಿತ್ತು. ಬಾಗಿದೆ. ಕಲ್ಲನ್ನು ಎತ್ತಿದೆ. ಬಿಸಿಯಾಗಿತ್ತು, ಸಿಡಿದ ಬಿಸಿಯೋ ಮಧ್ಯಾಹ್ನದ ಬಿಸಿಯೋ. ಅಂಗಳದ ನಡುವೆ, ಬಿಸಿಲು ಚೆನ್ನಾಗಿ ಬೀಳುವ ಕಡೆ ಇಟ್ಟೆ. ಮುರಿದ ಮೂಲೆ ಕ್ಯಾಮೆರಾದ ಕಡೆ ಬರುವಂತೆ ತಿರುಗಿಸಿದೆ. ಅಳತೆ ತಿಳಿಯಲಿ ಎಂದು ಒಂದು ಪುಟ್ಟ ಚಪ್ಪಲಿ ಪಕ್ಕದಲ್ಲಿಟ್ಟೆ. ಎಂಟು ಫೋಟೊ ತೆಗೆದೆ. ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಕಲ್ಲು ಮೊದಲು ಬಿದ್ದಿದ್ದ ಜಾಗದಲ್ಲಿ ಎಷ್ಟು ತೆಗೆದೆ? ಕಾರ್ಡಿನಲ್ಲಿ ಒಂದೂ ಇಲ್ಲ. ಕಲ್ಲು ಸರಿಸಿದ್ದು ಆಗ ತಪ್ಪು ಅನ್ನಿಸಲಿಲ್ಲ. ತಪ್ಪು ಅನ್ನುವುದು ಇರಲಿ, ಮಾಡುತ್ತಿದ್ದೇನೆ ಎಂಬುದೇ ಅನ್ನಿಸಲಿಲ್ಲ.

ಸಾಹೇಬರು ನಾಲ್ಕಕ್ಕೆ ಬಂದರು, ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಒಬ್ಬರು ತಾಲೂಕಿನ ಕಡೆಯವರು, ಕೈಯಲ್ಲಿ ರಟ್ಟಿನ ನೋಟ್‌ಬುಕ್ಕು. ಜೊತೆಗೆ ಗಣಿಯ ಎಂಜಿನಿಯರ್, ನನ್ನ ವಯಸ್ಸಿನವನು, ನಮ್ಮ ಕಡೆಯವನೇ. ಮೇಲ್ವಿಚಾರಕಿ ಜೀಪಿನ ಹತ್ತಿರವೇ ನಿಂತರು. ಅಂಗಳ ಫಳಫಳ ಅನ್ನುತ್ತಿತ್ತು. ನೀರು ಚಿಮುಕಿಸಿ ಗುಡಿಸಿ, ಬಾಗಿಲ ಮುಂದೆ ರಂಗೋಲಿ ಎಳೆದಿತ್ತು.

ಮೊದಲು ಏರಿಯ ಮೇಲಿಂದ ತೆಗೆದದ್ದನ್ನು ತೋರಿಸಿದೆ. ಎಂಜಿನಿಯರ್ ಪರದೆಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಎಲ್ಲಿ ನಿಂತು ತೆಗೆದದ್ದು ಎಂದು ಕೇಳಿದ. ಹೇಳಿದೆ. ಅವನು ಕ್ಯಾಮೆರಾವನ್ನು ಸಾಹೇಬರ ಕಣ್ಣಿನ ಮಟ್ಟಕ್ಕೆ ಎತ್ತಿ, ಇನ್ನೊಂದು ಕೈಯಿಂದ ನಿಜವಾದ ಗುಡ್ಡ ತೋರಿಸಿದ.

"ನೀವಽ ನೋಡ್ರಿ ಸರ್. ಗುಡ್ಡ ಅಲ್ಲೈತಿ. ಇದರಾಗ ಅಂಗನವಾಡಿ ಮಾಡಿನ ಮ್ಯಾಲೆ ಕುಂತೈತಿ."

ಸಾಹೇಬರು ಒಮ್ಮೆ ಗುಡ್ಡ ನೋಡಿದರು, ಒಮ್ಮೆ ಪರದೆ ನೋಡಿದರು. ಬ್ಲಾಸ್ಟಿನ ಚಿತ್ರಗಳನ್ನು ತೋರಿಸಿದೆ. ಧೂಳಿನ ಮೋಡ, ಅದರ ಮೇಲೆ ಕಪ್ಪು ಚುಕ್ಕೆಗಳು. ಕಲ್ಲುಗಳು ಎಂದೆ. ಎಂಜಿನಿಯರ್ ಗುಂಡಿ ಒತ್ತಿ ಒಂದು ಹಿಂದಕ್ಕೆ, ಒಂದು ಮುಂದಕ್ಕೆ ಹೋದ. ಅವೇ ಚುಕ್ಕೆಗಳು, ಅದೇ ಜಾಗದಲ್ಲಿ, ಆಕಾಶದಲ್ಲೂ. ಒಳಗೆ ಧೂಳು ಹೊಕ್ಕಿದೆ ನೋಡಿ ಎಂದು ಮೆತ್ತಗೆ ಹೇಳಿ ಕ್ಯಾಮೆರಾ ನನಗೆ ಕೊಟ್ಟ.

ಅಕ್ಕ ನನ್ನ ಕಡೆ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳಿಗೆ ಆ ಹೊತ್ತಿಗೆ ಎಷ್ಟು ಭಯವಾಗಿತ್ತು ಎಂದು ಬರೆಯಬಹುದು, ಬರೆಯುವುದಿಲ್ಲ. ಬೆರಳು ಕಂಡಿತು, ಅಷ್ಟೆ.

ಉಳಿದದ್ದು ದೊಡ್ಡ ಕ್ಯಾಮೆರಾ. ಕಲ್ಲು, ಚಪ್ಪಲಿ, ಬಿಸಿಲು. ಹಿಂದಿನ ಅಂಗಳ, ಗೋಡೆ, ಗುಡ್ಡ ಎಲ್ಲ ಕರಗಿ ಒಂದು ಕೆಂಪು ಮಬ್ಬು. ಸಾಹೇಬರು ಮೊದಲ ಸಲ ಬಾಗಿ ನೋಡಿದರು.

"ಭಾಳ ಛಲೋ ತೆಗದೀರಿ," ಅಂದ ಎಂಜಿನಿಯರ್. "ಚಪ್ಪಲಿ ಯಾರು ಇಟ್ರು?"

"ನಾನಽ. ಅಳತಿ ತಿಳೀಲಿ ಅಂತ."

"ಕಲ್ಲು?"

ಆ ಒಂದು ಶಬ್ದ ಕೇಳಿದಾಗಲೇ ನಾನು ಏನು ಮಾಡಿದ್ದೇನೆ ಎಂದು ನನಗೆ ತಿಳಿದದ್ದು. ಅಡುಗೆಯ ಕಡೆ ಬಾಗಿಲಲ್ಲಿ ಆಯಾ ನಿಂತಿದ್ದರು. ನಾನು ಎತ್ತಿಡುವುದನ್ನು ಅವರು ನೋಡಿದ್ದರು. ನಿಜ ಹೇಳಿದರೆ ಇದ್ದೊಂದು ಫೋಟೊವೂ ಹೋಗುತ್ತದೆ, ಅದರ ಜೊತೆಗೆ ಅಕ್ಕನ ಕೆಲಸ.

"ಇಲ್ಲೇ ಬಿದ್ದಿತ್ರಿ," ಅಂದೆ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ಟೀಚರ್, ಹಂಗಽ ಬರೀಲೇನು? ಅಂಗಳದ ನಡುವ ಬಿದ್ದಿತ್ತು ಅಂತ?"

ರಸ್ತೆಯಲ್ಲಿ ಟಿಪ್ಪರ್‌ಗಳು ಖಾಲಿಯಾಗಿ ಹೋಗುತ್ತಿದ್ದವು, ಅವುಗಳಲ್ಲೊಂದು ಭಾವನದು ಇದ್ದಿರಬಹುದು ಎಂದು ಯೋಚಿಸಿದ ನೆನಪಿದೆ. ಈ ನೆನಪನ್ನೂ ನಾನು ನಂಬುವುದಿಲ್ಲ, ತೀರ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತದೆ.

"ಬ್ಯಾಡ್ರಿ," ಅಂದಳು ಅಕ್ಕ. "ಕಲ್ಲು ಅಲ್ಲಿ ಟ್ಯಾಂಕಿನ ಮಗ್ಗಲಾಗ ಬಿದ್ದಿತ್ತು. ಇವ ನನ್ನ ತಮ್ಮ. ಬಿಸಿಲಿಗೆ ತಂದಿಟ್ಟು ತೆಗದಾನ."

"ಅಂದ್ರ ಇಟ್ಟು ತೆಗದದ್ದು," ಅಂದ ಎಂಜಿನಿಯರ್.

"ಇಟ್ಟು ತೆಗದದ್ದು ಫೋಟೋ. ಕಲ್ಲು ನಾವು ಇಟ್ಟಿದ್ದಲ್ಲ."

ಟ್ಯಾಂಕಿನ ಹತ್ತಿರ ಹೋದೆವು. ನೆಲ ಒದ್ದೆ, ಕಸಬರಿಗೆಯ ಗೆರೆಗಳು. ಕಲ್ಲು ಬಿದ್ದ ಕುಳಿ ಇದ್ದರೆ ಇಲ್ಲೇ ಇರಬೇಕಿತ್ತು. ಒಡೆದ ಇಟ್ಟಿಗೆಗಳನ್ನೂ ಓರಣವಾಗಿ ಒಟ್ಟಿತ್ತು. ಯಾರು ಮಾಡಿದ್ದು ಎಂದು ಸಾಹೇಬರು ಕೇಳುವ ಮೊದಲೇ ಆಯಾ ಮುಂದೆ ಬಂದರು.

"ನಾನಽ ಬಳದೀನ್ರಿ ಎಪ್ಪಾ. ನೀವು ಬರೋ ಹೊತ್ತಿಗೆ ಕಸದಾಗ ನಿಂದ್ರಸಾಕ ಬರ್ತೈತೇನ್ರಿ?"

ಅವರಿಗೆ ಏನೂ ಅನ್ನುವ ಹಾಗಿರಲಿಲ್ಲ. ಕೆಂಪು ಧೂಳಿನ ಊರಿನಲ್ಲಿ ದೊಡ್ಡವರು ಬರುತ್ತಾರೆಂದರೆ ಮೊದಲು ನೀರು ಚಿಮುಕಿಸಿ ಗುಡಿಸುವುದು ಮರ್ಯಾದೆ. ಅವರು ಗುಡಿಸುವಾಗ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನನ್ನ ಎಂಟು ಫೋಟೊಗಳನ್ನು ನೋಡಿಕೊಳ್ಳುತ್ತಿದ್ದೆ. ಕಾಲಿಗೆ ಪೊರಕೆ ತಾಗುತ್ತದೆ ಎಂದು ಎರಡು ಸಲ ಕಾಲೆತ್ತಿದ್ದೇನೆ.

ಎಂಜಿನಿಯರ್ ಬಾಗಿ ಟ್ಯಾಂಕಿನ ಕೆಳಗೆ ನೋಡಿದ. ಟ್ಯಾಂಕು ಅಲುಗದಂತೆ ಬುಡಕ್ಕೆ ಕಲ್ಲು ಕೊಟ್ಟಿದ್ದರು, ಅಂಥವೇ ಅದಿರು ಕಲ್ಲುಗಳು, ನಾಲ್ಕೋ ಐದೋ. ಸಾಹೇಬರು ನೋಡುವವರೆಗೆ ಬಾಗಿಯೇ ಇದ್ದ.

ಸಾಹೇಬರು ನಿಂತಲ್ಲೇ ಬಹಳ ಹೊತ್ತು ಬರೆದರು. ಅಕ್ಕ ಓದಿ ಸಹಿ ಮಾಡುತ್ತೇನೆ ಅಂದಳು. ಅವರು ನೋಟ್‌ಬುಕ್ಕು ಕೊಟ್ಟರು. ಅವಳು ಎರಡು ಪುಟ ನಿಧಾನವಾಗಿ, ತುಟಿ ಅಲುಗಿಸುತ್ತ ಓದಿ ಸಹಿ ಹಾಕಿದಳು. ಏನಿತ್ತು ಎಂದು ಆಮೇಲೆ ಕೇಳಿದೆ. ತಾನು ಹೇಳಿದ್ದು ಇತ್ತು, ಎಂಜಿನಿಯರ್ ಹೇಳಿದ್ದೂ ಇತ್ತು ಅಂದಳು. ನಾನು ಹೇಳಿದ ಸುಳ್ಳು? ಅದನ್ನು ಕೇಳಲಿಲ್ಲ.

ಜೀಪು ಹೋದ ಮೇಲೆ ಅವಳು ತಟ್ಟೆಗಳನ್ನು ಎಣಿಸಿ ಒಳಗಿಟ್ಟು, ಬೀಗ ಹಾಕಿ, ಬೀಗವನ್ನು ಎಳೆದು ನೋಡಿದಳು. ಬೈಯುತ್ತಾಳೆ ಎಂದು ಕಾದೆ.

"ನಿನ್ನ ಕೈಗೆ ಸುಮ್ಮನಿರಾಕ ಬರಂಗಿಲ್ಲ ಅಲ್ಲಲೇ," ಅಂದಳು, ಬೇಸರವಿಲ್ಲದೆ, ಇದು ಮೊದಲಿಂದ ಗೊತ್ತಿದ್ದ ಸಂಗತಿ ಎಂಬಂತೆ. "ನಡಿ, ಬಸ್ಸು ತಪ್ತೈತಿ."

ಹೊಸಪೇಟೆಗೆ ಬಂದಾಗ ಕ್ಯಾಮೆರಾ ಅಂಗಡಿ ಇನ್ನೂ ತೆರೆದಿತ್ತು. ಅಂಗಡಿಯವರು ಸೂಪರ್‌ಜೂಮ್ ಕಿವಿಯ ಹತ್ತಿರ ಹಿಡಿದು ಲೆನ್ಸನ್ನು ಹೊರಗೆ ತರಿಸಿದರು, ಒಳಗೆ ಕಳಿಸಿದರು. ಕರಕರ ಸದ್ದು ನನಗೂ ಕೇಳಿಸಿತು. ಸಂಡೂರಿಗೆ ಒಯ್ದಿದ್ದಿರೇನು ಎಂದು ಕೇಳಿದರು. ದೊಡ್ಡದಾದರೆ ಲೆನ್ಸು ಬಿಚ್ಚಿ ಒಳಗಿನ ಧೂಳು ತೆಗೆಸಬಹುದು, ಇದನ್ನು ಬಿಚ್ಚಲು ಬರುವುದಿಲ್ಲ, ಬಿಚ್ಚಿದರೆ ಕೂಡುವುದಿಲ್ಲ ಎಂದು ವಿವರಿಸಿದರು. ನಾನು ಹೌದು, ಒಯ್ದಿದ್ದೆ ಎಂದೆ. ಅದನ್ನೇ ಕೊಂಡೆ.

ಒಂದು ಸುಳ್ಳಿನ ಮೇಲೆ ಒಂದು ನಿಜ ಹೇಳಿ, ಹಾಳು ಮಾಡಿದ ವಸ್ತುವನ್ನು ತಾನೇ ಕೊಂಡುಕೊಂಡ ಎಂದು ಇದನ್ನು ಮುಗಿಸಿದರೆ ಓದಲು ಹಿತ. ಆದರೆ ಅಂಗಡಿಯವರ ಕಿವಿಗೆ ಆಗಲೇ ಸದ್ದು ಬಿದ್ದಿತ್ತು. ಇಲ್ಲ ಅಂದಿದ್ದರೂ ನಡೆಯುತ್ತಿರಲಿಲ್ಲ. ಆ ಸದ್ದು ಬಾರದೆ ಇದ್ದಿದ್ದರೆ ಗಿರಣಿಯವರ ಸುಣ್ಣದ ಡಬ್ಬಿಯ ಮಾತು ನೆನೆದು ಡಿಎಸ್‌ಎಲ್‌ಆರ್ ಕೊಳ್ಳುತ್ತಿದ್ದೆನೇ? ಬಹುಶಃ. ಈಗ ಲಗ್ನಗಳಿಗೆ ದೊಡ್ಡದನ್ನು ಬಾಡಿಗೆಗೆ ತರುತ್ತೇನೆ. ಅದು ಕೈಗೆ ಬಂದ ಕೂಡಲೇ ಜನರನ್ನು ಎಡಕ್ಕೆ ಬಲಕ್ಕೆ ಸರಿಸಲು ತೊಡಗುತ್ತೇನೆ, ಒಂದೇ ವ್ಯತ್ಯಾಸ, ಸರಿಸುವ ಮೊದಲು ಇದ್ದಂತೆಯೇ ಒಂದು ತೆಗೆಯುತ್ತೇನೆ. ಆ ಫೋಟೊಗಳನ್ನು ಯಾರೂ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಸ್ಟುಡಿಯೊದಲ್ಲಿ ಬ್ಲಾಸ್ಟಿನ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಒಂದರ ಪಕ್ಕ ಒಂದಿಟ್ಟು ಚುಕ್ಕೆಗಳನ್ನು ಹೋಲಿಸಿದೆ. ಎಂಜಿನಿಯರ್ ಹೇಳಿದ್ದು ನಿಜ, ಅವೆಲ್ಲ ಒಳಗಿನ ಧೂಳು, ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿ. ಒಂದನ್ನು ಬಿಟ್ಟು. ಮೂರನೆಯ ಚಿತ್ರದಲ್ಲಿ, ಮೋಡದ ಬಲಕ್ಕೆ, ಇನ್ನಾವುದರಲ್ಲೂ ಇಲ್ಲದ ಒಂದು ಚುಕ್ಕೆ. ದೊಡ್ಡದು ಮಾಡಿದರೆ ಚೌಕ ಚೌಕವಾಗಿ ಒಡೆಯುತ್ತದೆ. ಹಾರುತ್ತಿರುವ ಕಲ್ಲು ಇರಬಹುದು, ಹಕ್ಕಿ ಇರಬಹುದು. ಅಕ್ಕನಿಗೆ ಫೋನ್ ಮಾಡಿ, ಒಂದು ಸಿಕ್ಕಿದೆ, ಸಾಹೇಬರಿಗೆ ಕಳಿಸಲೇ ಎಂದೆ. ಅದು ಕಲ್ಲು ಎಂದು ನಿನಗೆ ಖಾತ್ರಿಯೇ ಎಂದು ಕೇಳಿದಳು. ಹಕ್ಕಿಯೂ ಇರಬಹುದು ಎಂದೆ. ಹಾಗಾದರೆ ಕಳಿಸಬೇಡ ಅಂದಳು.

ಮುಂದಿನ ವಾರಗಳಲ್ಲಿ ಅವಳು ಅಂಚೆಯವನ ಬೈಕಿನ ಸದ್ದಿಗೆ ಎದ್ದು ಹೊರಗೆ ಬರುತ್ತಿದ್ದಳಂತೆ. ವಿವರಣೆ ಕೇಳುವ ಕಾಗದ ಬರಲಿಲ್ಲ. ಅರ್ಜಿಗೆ ಉತ್ತರವೂ ಬರಲಿಲ್ಲ. ಭಾವ ಮೂರನೆಯ ದಿನಕ್ಕೆ ಮಾತಾಡಿದ, ಸಾರಿಗೆ ಉಪ್ಪು ಕಡಿಮೆ ಎಂದು. ಸುಮಾರು ಒಂದೂವರೆ ತಿಂಗಳ ಮೇಲೆ ಒಂದು ದಿನ ಮಧ್ಯಾಹ್ನ ಸೈರನ್ ಕೂಗಲಿಲ್ಲ. ಮಕ್ಕಳು ತಟ್ಟೆ ಎತ್ತಿಕೊಂಡು ಏಳಲು ಕಾಯುತ್ತ ಅರ್ಧ ಊಟ ಮಾಡಿದರಂತೆ. ಸೈರನ್ ಕೂಗಿದ್ದು ನಾಲ್ಕೂವರೆಗೆ, ಅವರೆಲ್ಲ ಮನೆ ಸೇರಿದ ಮೇಲೆ. ಅಂದಿನಿಂದ ಹಾಗೆಯೇ ನಡೆದಿದೆ. ಅರ್ಜಿಯ ಕಾರಣಕ್ಕೆ ಬದಲಿಸಿದ್ದು ಎಂದು ಯಾರೂ ಹೇಳಿಲ್ಲ. ಗಣಿಯಲ್ಲಿ ಶಿಫ್ಟ್ ಬದಲಾಗಿದೆ, ಅದಕ್ಕೆ ಎನ್ನುತ್ತಾನೆ ಭಾವ. ಅಕ್ಕ ಈಗಲೂ ಅದೇ ಅಂಗನವಾಡಿಯಲ್ಲಿ ಅದೇ ಕೆಲಸದಲ್ಲಿದ್ದಾಳೆ.

ಸಾಹೇಬರು ಅವಳ ಮಾತನ್ನು ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಎರಡು ಪುಟದಲ್ಲಿ ನನ್ನ ಬಗ್ಗೆ ಏನು ಬರೆದಿದ್ದರು ಎಂಬುದೂ ಗೊತ್ತಿಲ್ಲ. ಆ ಕಲ್ಲು ಅಂದು ಗುಡ್ಡದಿಂದ ಬಂದದ್ದೋ, ಟ್ಯಾಂಕಿನ ಬುಡದಿಂದ ಉರುಳಿದ್ದೋ, ಅದನ್ನು ಎತ್ತಿದವನು ನಾನೇ ಆದರೂ ಹೇಳಲಾರೆ.